ಅಂಕಸಮುದ್ರದ ಕರಿಜಾಲಿ ತೋಪಿನ ಲೆಕ್ಕ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ವಿಸ್ತೀರ್ಣ 244.04 ಎಕರೆ. ಶತಮಾನಗಳ ಹಿಂದೆ ಊರಿನ ಬೇಸಾಯಕ್ಕೆಂದು ಕಟ್ಟಿದ ಕೆರೆ ಇದು. ಅಂಗಳದಲ್ಲಿ ಕರಿಜಾಲಿ ಮರಗಳು ದಟ್ಟವಾಗಿ ಬೆಳೆದಿವೆ. ನೀರು ತುಂಬಿದಾಗ ಇಡೀ ತೋಪು ನಡುನೀರಿನಲ್ಲಿ ನಿಲ್ಲುತ್ತದೆ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೆ ರಾಮ್ಸಾರ್ ಪಟ್ಟಿಗೆ ಸೇರಿದ್ದು ಘೋಷಣೆಯಾಯಿತು. ಊರಕೆರೆಯ ಮುಳ್ಳುಮರದ ತೋಪಿಗೆ ಈ ಮಾನ್ಯತೆ ದೊರಕಿಸಿಕೊಟ್ಟದ್ದು ಅಲ್ಲಿನ ಜೀವಿಗಳನ್ನು ನೋಡಿ, ಎಣಿಸಿ, ಬರೆದಿಟ್ಟವರ ಶ್ರಮ.

ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ಆದ ಒಪ್ಪಂದ ತಾಣಗಳನ್ನು ಪಟ್ಟಿಗೆ ಸೇರಿಸಲು ಹಲವು ಮಾನದಂಡಗಳನ್ನು ಇಟ್ಟುಕೊಂಡಿದೆ. ಅವುಗಳಲ್ಲಿ ಎರಡು ನೇರವಾಗಿ ನೀರಹಕ್ಕಿಗಳ ತಲೆ ಎಣಿಕೆಗೆ ಸಂಬಂಧಿಸಿದವು: ಒಂದು ತಾಣದಲ್ಲಿ ನಿಯಮಿತವಾಗಿ 20,000 ಅಥವಾ ಹೆಚ್ಚು ನೀರಹಕ್ಕಿಗಳಿರಬೇಕು, ಇಲ್ಲವೇ ಯಾವುದಾದರೂ ನೀರಹಕ್ಕಿ ಪ್ರಭೇದದ ಒಂದು ಭೌಗೋಳಿಕ ಸಮುದಾಯದ ಶೇ 1ರಷ್ಟಾದರೂ ಅಲ್ಲಿ ನೆಲೆಸಿರಬೇಕು. ಅಂಕಸಮುದ್ರದಲ್ಲಿ ಗೂಡು ಕಟ್ಟುವ, ರಾತ್ರಿ ತಂಗುವ ನೀರಹಕ್ಕಿಗಳು 30,000ಕ್ಕೂ ಹೆಚ್ಚು. ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಕೆಂಬರಲು ಎರಡೂ ಶೇ 1ರ ಗೆರೆ ದಾಟಿವೆ.

ಬಣ್ಣದ ಕೊಕ್ಕರೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿ ಮೀನನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಹೆಚ್ಚಾಗಿ ಕೊಕ್ಕಿನ ಸ್ಪರ್ಶದಿಂದ ಹುಡುಕುತ್ತದೆ. ಮೊಣಕಾಲು ಮುಳುಗದಷ್ಟು ನೀರಿನಲ್ಲಿ ನಿಂತು, ಅರ್ಧ ತೆರೆದ ಕೊಕ್ಕನ್ನು ಅದ್ದಿ ಅತ್ತಿತ್ತ ಆಡಿಸುತ್ತದೆ. ಕಾಲಿನಿಂದ ತಳ ಕೆದಕಿ ಮೀನನ್ನು ಎಬ್ಬಿಸುತ್ತದೆ. ಮೀನು ತಾಕಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಇದರ ಅಮೆರಿಕದ ಹತ್ತಿರದ ಬಂಧುವೊಂದರಲ್ಲಿ ಈ ಕ್ರಿಯೆಗೆ ಹಿಡಿಯುವ ಹೊತ್ತು ಸೆಕೆಂಡಿನ 40ರಲ್ಲಿ ಒಂದು ಪಾಲು. ಹಾಗಾಗಿ ರಾಡಿ ನೀರು ಇದಕ್ಕೆ ಅಡ್ಡಿಯಲ್ಲ. ಆದರೆ ನೀರು ಆಳವಾದರೆ ಮೇವು ಸಿಗುವುದಿಲ್ಲ. ಗೂಡಿನಲ್ಲಿರುವ ಮರಿಗಳಿಗೆ ಬಿಸಿಲು ದೊಡ್ಡ ಶತ್ರು. ತಾಯಿ ಅಥವಾ ತಂದೆ ಹಕ್ಕಿ ರೆಕ್ಕೆ ಬಿಚ್ಚಿ ನೆರಳು ಹಿಡಿಯುತ್ತದೆ. ಮರಿಗೆ ಬಿಳಿ ತುಪ್ಪಳ, ಹಾರಲು ಕಲಿತ ಎಳೆಯ ಹಕ್ಕಿಗೆ ಬೂದುಗಂದು ಮೈ, ಬೆಳೆದ ಹಕ್ಕಿಗೆ ಗುಲಾಬಿ ಗರಿ. ಎಣಿಸುವವರು ಬೂದುಗಂದು ಮೈಯವನ್ನು ಬೇರೆಯಾಗಿ ಬರೆದರೆ ಇತ್ತೀಚಿನ ಮರಿಗಳಲ್ಲಿ ಎಷ್ಟು ಬದುಕಿ ಉಳಿದಿವೆ ಎಂಬುದೂ ತಿಳಿಯುತ್ತದೆ.

ಈ ಸಂಸಾರವೆಲ್ಲ ನಡೆಯುವುದು ಮರದ ಮೇಲೆ. ಸುತ್ತ ನೀರು, ಕೊಂಬೆ ತುಂಬ ಮುಳ್ಳು. ಬೆಕ್ಕು, ನಾಯಿ, ಕೋತಿ ಸುಲಭವಾಗಿ ಹತ್ತಿರ ಸುಳಿಯಲಾರವು. ತಿಂಗಳುಗಟ್ಟಲೆ ನೀರಿನಲ್ಲಿ ನಿಂತರೂ, ಬರಗಾಲದಲ್ಲಿ ಅಂಗಳ ಬಿರುಕು ಬಿಟ್ಟರೂ ತಡೆದುಕೊಳ್ಳುವ ಮರ ಕರಿಜಾಲಿ. ಅದು ನಮ್ಮ ನೆಲದ್ದೇ. ಹೊಲದ ಬದು, ಹಳ್ಳದ ದಂಡೆಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಇವೆರಡನ್ನು ಬೇರೆ ಮಾಡಿ ನೋಡುವುದು ದಾಖಲೆಯ ಮೊದಲ ಪಾಠ. ಕರಿಜಾಲಿಯ ಹೂ ದುಂಡಗಿನ ಹಳದಿ ಚೆಂಡು. ಕಾಯಿ ಬೀಜ ಬೀಜಕ್ಕೂ ಸೊಂಟ ಕಟ್ಟಿಕೊಂಡು ಮಣಿಸರದಂತೆ ಇರುತ್ತದೆ. ಬಳ್ಳಾರಿ ಜಾಲಿಯ ಹೂ ಉದ್ದನೆಯ ತೆನೆ; ಕಾಯಿಯಲ್ಲಿ ಅಂಥ ಸೊಂಟವಿಲ್ಲ.

ಬರೆದುಕೊಳ್ಳುವ ಕ್ರಮ ಸರಳ. ಯಾವ ಜೀವಿ, ಎಲ್ಲಿ, ಯಾವ ದಿನ, ಎಷ್ಟು, ಏನು ಮಾಡುತ್ತಿತ್ತು: ಈ ಐದು ಮಾತು ಇದ್ದರೆ ಅದು ದಾಖಲೆ. ಸಾವಿರಾರು ಹಕ್ಕಿ ಒಟ್ಟಿಗೆ ಹಾರಿದಾಗ ನೂರನ್ನು ಎಣಿಸಿ, ಅಂಥ ಗುಂಪುಗಳು ಎಷ್ಟಿವೆ ಎಂದು ಅಂದಾಜಿಸುತ್ತಾರೆ. ಗೂಡನ್ನು ಮರಮರಕ್ಕೆ ಎಣಿಸಬೇಕು. ಹಕ್ಕಿ ಕೂತು ಕಾವು ಕೊಡುತ್ತಿರುವ ಒಂದು ಗೂಡೆಂದರೆ ಒಂದು ಜೋಡಿ. ಇದನ್ನೆಲ್ಲ ದಂಡೆಯಿಂದ, ದುರ್ಬೀನು ಹಿಡಿದು ಮಾಡಬೇಕು. ತೋಪಿನೊಳಗೆ ಹೊಕ್ಕರೆ ದೊಡ್ಡ ಹಕ್ಕಿಗಳು ಎದ್ದುಹೋಗುತ್ತವೆ, ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆಗಳಿಗೂ ಸಿಗುತ್ತವೆ.

ರಾಮ್ಸಾರ್ ಘೋಷಣೆಯ ವೇಳೆ ಪ್ರಕಟವಾದ ಪಟ್ಟಿಯಲ್ಲಿ ಅಂಕಸಮುದ್ರದ 210ಕ್ಕೂ ಹೆಚ್ಚು ಸಸ್ಯ, 240 ಹಕ್ಕಿ, 41 ಮೀನು, 32 ಏರೋಪ್ಲೇನ್ ಚಿಟ್ಟೆ, 27 ಚಿಟ್ಟೆ, 25 ಸರೀಸೃಪ, 8 ಸಸ್ತನಿ ಹಾಗೂ 3 ಕಪ್ಪೆ ಪ್ರಭೇದಗಳಿವೆ. ಹಕ್ಕಿ 240 ಇರುವಲ್ಲಿ ಕಪ್ಪೆ ಮೂರೇ ಏಕೆ? ಒಂದು ಕಾರಣ ಇದು: ಹಕ್ಕಿ ಹಗಲಲ್ಲಿ ಕಣ್ಣಿಗೆ ಬೀಳುತ್ತದೆ, ಅದನ್ನು ನೋಡಲೆಂದೇ ಹೋಗುವವರಿದ್ದಾರೆ. ಕಪ್ಪೆಯನ್ನು ಗುರುತಿಸಲು ಮುಂಗಾರಿನ ರಾತ್ರಿ ಏರಿಯ ಮೇಲೆ ನಿಂತು ಅದರ ಕೂಗಿಗೆ ಕಿವಿಗೊಡಬೇಕು. ಪತಂಗ, ಜೇಡ, ಅಣಬೆ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಪಟ್ಟಿಯ ಸಣ್ಣ ಅಂಕಿಗಳನ್ನು ನಾವು ಇನ್ನೂ ಮಾಡಬೇಕಾದ ಕೆಲಸ ಎಂದು ಓದಿಕೊಳ್ಳುವುದು ಒಳ್ಳೆಯದು.

ಈ ಕೆಲಸ ಅಂಕಸಮುದ್ರಕ್ಕೆ ಸೀಮಿತವಾಗಬೇಕಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಆದರೆ ಇಂಥ ಧಾಮಗಳ ಆಚೆ ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮೆಯ ಕುರುಚಲು ಗುಡ್ಡ, ಕೆರೆಯಂಗಳದ ಜಾಲಿ ತೋಪುಗಳಿಗೂ ಲೆಕ್ಕ ಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರ ನೆರವಿನಿಂದ ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದು ಅದರ ಹೊಣೆ. ಮೇಕೆ ಕಾಯುವವರಿಗೆ, ಮೀನು ಹಿಡಿಯುವವರಿಗೆ, ನಾಟಿ ಔಷಧಿ ಬಲ್ಲವರಿಗೆ ಗೊತ್ತಿರುವುದನ್ನು ಕೇಳಿ ಬರೆದರೆ ಅರ್ಧ ಪುಸ್ತಕ ತುಂಬುತ್ತದೆ. ಶಾಲೆಯ ಮಕ್ಕಳು ಮಿಕ್ಕರ್ಧ ತುಂಬಬಲ್ಲರು.

ಅಂಕಸಮುದ್ರದ ದಾಖಲೆಯಲ್ಲಿ ಮುಂದೆ ಬೇಕಾದ ಮುಖ್ಯ ಅಂಕಣ ಮರದ್ದು. ವರ್ಷಾನುಗಟ್ಟಲೆ ಹಿಕ್ಕೆ ಬಿದ್ದು, ನೀರು ಇಳಿಯದೆ ನಿಂತು ಹಳೆಯ ಮರಗಳು ಸೊರಗಬಹುದು. ನೀರಿನಡಿ ಬಿದ್ದ ಬೀಜದಿಂದ ಸಸಿ ಏಳುವುದಿಲ್ಲ. ಅಂಗಳ ಒಣಗಿದ ವರ್ಷವೇ ಹೊಸ ಸಸಿಗೆ ಅವಕಾಶ. ಪ್ರತಿ ಮರಕ್ಕೆ ಒಂದು ಸಂಖ್ಯೆ ಕೊಟ್ಟು, ಅದರ ಗೂಡುಗಳ ಜೊತೆಗೆ ಅದರ ಆರೋಗ್ಯವನ್ನೂ ಬರೆಯುತ್ತ ಹೋದರೆ ಎಲ್ಲಿ ಸಸಿ ನೆಡಬೇಕು, ಯಾವಾಗ ನೀರು ತಗ್ಗಿಸಬೇಕು ಎಂಬುದು ಸಾಕಷ್ಟು ಮೊದಲೇ ತಿಳಿಯುತ್ತದೆ. ಹಕ್ಕಿ ಕಡಿಮೆಯಾದ ಮೇಲೆ ಕಾರಣ ಹುಡುಕುವುದಕ್ಕಿಂತ, ಮರ ಸೊರಗುವುದನ್ನು ಮೊದಲೇ ಕಂಡು ಬರೆದಿಡುವುದು ಊರಿನವರ ಕೈಯಲ್ಲೇ ಇರುವ ಕೆಲಸ.