ಗಣಕ ಭಾಷೆಗೂ ಉಂಟು ತನ್ನದೇ ಜಾಯಮಾನ

ಸಂಕೇಶ್ವರ: ಹಿರಣ್ಯಕೇಶಿ ನದಿಯ ದಂಡೆಯ ಈ ಊರಿನಲ್ಲಿ ಕನ್ನಡ, ಮರಾಠಿಗಳೆರಡೂ ಕಿವಿಗೆ ಬೀಳುತ್ತವೆ. ಒಂದು ಭಾಷೆಯಲ್ಲಿ ಯೋಚಿಸಿ ಇನ್ನೊಂದರಲ್ಲಿ ಆಡಿದರೆ, ವ್ಯಾಕರಣ ಸರಿಯಿದ್ದರೂ ಮಾತು ಪರಕೀಯವೆನಿಸುತ್ತದೆ ಎಂಬುದನ್ನು ಇಲ್ಲಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬುದು ಕನ್ನಡ. ‘ನಾನು ಇಬ್ಬರು ತಮ್ಮಂದಿರನ್ನು ಹೊಂದಿದ್ದೇನೆ’ ಎಂಬುದು ಕನ್ನಡ ಲಿಪಿಯಲ್ಲಿರುವ ಇಂಗ್ಲಿಷ್. ಪ್ರೋಗ್ರಾಮಿಂಗ್ ಭಾಷೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಡೆನ್ನಿಸ್ ರಿಚೀ 1970ರ ದಶಕದ ಆರಂಭದಲ್ಲಿ ರೂಪಿಸಿದ ‘ಸಿ’ ಭಾಷೆಯನ್ನು ಮೊದಲು ಕಲಿತು, ಗೈಡೋ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್‌ಗೆ ಬರುವ ವಿದ್ಯಾರ್ಥಿಗಳು ಅನೇಕರು. ಅವರು ಪೈಥಾನ್‌ನಲ್ಲಿಯೂ ‘ಸಿ’ಯನ್ನೇ ಬರೆಯುತ್ತಾರೆ.

ಸಂಕೇಶ್ವರದ ಹೆಸರಾಂತ ಒಣಮೆಣಸಿನಕಾಯಿಯ 50 ಚೀಲಗಳ ತೂಕವನ್ನು ಕೂಡಿಸಬೇಕೆಂದಿಟ್ಟುಕೊಳ್ಳೋಣ. ‘ಸಿ’ ಪದ್ಧತಿಯಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗಿ 49ಕ್ಕೆ ಮುಗಿಯುತ್ತದೆ. ಪ್ರತಿ ಸಂಖ್ಯೆಗೂ ಒಂದೊಂದು ಚೀಲದ ತೂಕವನ್ನು ಹೊರತೆಗೆದು ಕೂಡಿಸಲಾಗುತ್ತದೆ. ಕೈತಪ್ಪಿ ಎಣಿಕೆಯನ್ನು 1ರಿಂದ ಆರಂಭಿಸಿದರೆ ಮೊದಲ ಚೀಲವೇ ಲೆಕ್ಕದಿಂದ ಹೊರಗುಳಿಯುತ್ತದೆ. ಗಣಕಯಂತ್ರ ಯಾವ ದೋಷವನ್ನೂ ತೋರಿಸುವುದಿಲ್ಲ. ನಷ್ಟ ಮಾತ್ರ ರೈತನದು. ಪೈಥಾನ್‌ನ ಜಾಯಮಾನವೇ ಬೇರೆ. ‘ಪಟ್ಟಿಯಲ್ಲಿರುವ ಪ್ರತಿಯೊಂದು ತೂಕಕ್ಕೂ’ ಎಂದು ನೇರವಾಗಿ ಹೇಳಬಹುದು. ಕೂಡಿಸುವುದಷ್ಟೇ ಆದರೆ ಭಾಷೆಯಲ್ಲಿಯೇ ಇರುವ ‘ಸಮ್’ ಎಂಬ ಒಂದು ಪದ ಸಾಕು. ಎಣಿಕೆಯೇ ಇಲ್ಲದೆಡೆ ಎಣಿಕೆಯ ತಪ್ಪಿಗೆ ಅವಕಾಶವೆಲ್ಲಿ? ಭಾಷೆಯ ನುಡಿಗಟ್ಟು ಕೇವಲ ಅಲಂಕಾರವಲ್ಲ, ತಪ್ಪಿನ ದಾರಿಯನ್ನೇ ಮುಚ್ಚುವ ಉಪಾಯವೂ ಹೌದು.

ಹಾಗೆಂದು ಚಿಕ್ಕದೆಲ್ಲವೂ ಸುಂದರವಲ್ಲ. ತೂಕ, ದರ, ಕಡಿತಗಳ ಲೆಕ್ಕವನ್ನೆಲ್ಲ ಒಂದೇ ಸಾಲಿನಲ್ಲಿ ತುರುಕಿದರೆ ಬರೆದವನಿಗೇ ಮರುತಿಂಗಳು ಅರ್ಥವಾಗದು. ಟಿಮ್ ಪೀಟರ್ಸ್ 1999ರಲ್ಲಿ ಬರೆದ, 2004ರಲ್ಲಿ ‘ಪೆಪ್ 20’ ಎಂದು ದಾಖಲಾದ 19 ಸೂತ್ರಗಳು ಸರಳತೆ ಹಾಗೂ ಓದಲು ಸುಲಭವಾಗಿರುವಿಕೆಗೆ ಒತ್ತು ನೀಡುತ್ತವೆ. ಪೈಥಾನ್‌ನಲ್ಲಿ ‘ಇಂಪೋರ್ಟ್ ದಿಸ್’ ಎಂದು ಟೈಪಿಸಿದರೆ ಅವು ತೆರೆಯ ಮೇಲೆ ಮೂಡುತ್ತವೆ. 2001ರ ‘ಪೆಪ್ 8’ ಹೆಸರಿಡುವ ಹಾಗೂ ಸಾಲು ಜೋಡಿಸುವ ಶಿಸ್ತನ್ನು ತಿಳಿಸುತ್ತದೆ. ಆದರೆ ಸಾಲು ಅಚ್ಚುಕಟ್ಟಾದ ಮಾತ್ರಕ್ಕೆ ಜಾಯಮಾನ ಬರುವುದಿಲ್ಲ. ದುಂಡಗಿನ ಅಕ್ಷರದಲ್ಲಿಯೂ ಕೆಟ್ಟ ವಾಕ್ಯ ಬರೆಯಬಹುದಷ್ಟೆ.

ಇದನ್ನು ಕಲಿಯುವ ಬಗೆ ಮಾತು ಕಲಿಯುವ ಬಗೆಯೇ. ಭಾಷೆಯೊಂದಿಗೇ ಬರುವ ಗ್ರಂಥಾಲಯದಲ್ಲಿ ಏನೇನಿದೆ ಎಂದು ಮೊದಲು ತಿಳಿಯಬೇಕು. ಅನುಭವಿಗಳು ಬರೆದದ್ದನ್ನು ಓದಬೇಕು. ತಾನು ಬರೆದ, ಸರಿಯಾಗಿ ನಡೆಯುತ್ತಿರುವ ಪ್ರೋಗ್ರಾಂ ಒಂದನ್ನು ತಿಂಗಳ ನಂತರ ತೆರೆದು ಮತ್ತೆ ಬರೆಯಬೇಕು. ಒಂದು ಭಾಷೆಯ ಸೊಗಸು ಇನ್ನೊಂದಕ್ಕೆ ಸಲ್ಲದೆಂಬುದನ್ನೂ ಮರೆಯಬಾರದು. ‘ಸಿ’ಯಲ್ಲಿ ಎಣಿಕೆಯೇ ಸಹಜ.

ಊರಿನ ಪಕ್ಕದ ಹೆದ್ದಾರಿಯ ಒಂದು ತುದಿಗೆ ಪುಣೆ, ಇನ್ನೊಂದು ತುದಿಗೆ ಬೆಂಗಳೂರು. ಉದ್ಯೋಗಕ್ಕೆಂದು ಅತ್ತ ಹೊರಡುವ ಯುವಕರು ಬರೆದುದನ್ನು ನಾಳೆ ತಿದ್ದುವವರು ಬೇರೊಬ್ಬರು. ಯಂತ್ರಕ್ಕೆ ಎರಡೂ ಬಗೆ ಒಂದೇ. ಆ ಅಪರಿಚಿತ ಓದುಗನಿಗೆ ಮಾತ್ರ ಅಲ್ಲ.