ಖಾಲಿ ಬಂದರೆ ಏನರ್ಥ?

ಬೆಂಗಳೂರಿನಲ್ಲಿ ಆನ್‌ಲೈನ್ ಪಾವತಿ ನಡೆಸುವ ಒಂದು ಕಂಪನಿಯ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅನೇಕ ಯಂತ್ರಗಳನ್ನು ಸೇರಿಸಿ ಒಂದೇ ಯಂತ್ರದ ಹಾಗೆ ದುಡಿಸುವ ಏರ್ಪಾಡಿಗೆ ಕ್ಲಸ್ಟರ್ ಎನ್ನುತ್ತೇವೆ. ಗೂಗಲ್ 2014ರಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ಕುಬರ್ನೆಟಿಸ್ ಎಂಬ ತಂತ್ರಾಂಶ ನಮ್ಮ ಕ್ಲಸ್ಟರನ್ನು ನಡೆಸುತ್ತದೆ. ನೀವು ಅಂಗಡಿಯಲ್ಲಿ ದುಡ್ಡು ಕಳಿಸಿದಾಗ ಅದನ್ನು ಸಂಭಾಳಿಸುವ ಪ್ರೋಗ್ರಾಂ ಅಲ್ಲೆಲ್ಲೋ ಒಂದು ‘ಪಾಡ್’ ಒಳಗೆ, ಕಂಟೇನರ್ ಎಂಬ ಆವರಣದಲ್ಲಿ ಓಡುತ್ತಿರುತ್ತದೆ. ಅದು ಬಿದ್ದರೆ ಕುಬರ್ನೆಟಿಸ್ ತಾನೇ ಎಬ್ಬಿಸುತ್ತದೆ. ಮತ್ತೆ ಮತ್ತೆ ಬಿದ್ದರೆ ಆ ರಾತ್ರಿ ಆನ್‌ಕಾಲ್ ಇರುವವರ ಫೋನ್ ಹೊಡೆದುಕೊಳ್ಳುತ್ತದೆ.

ಈಗ ಅಲರ್ಟ್ ಬಂದ ಕೂಡಲೇ ಮೊದಲು ನೋಡುವುದು ಎಐ ಏಜೆಂಟ್. ಏನಾಯಿತೆಂದು ಹುಡುಕಿ ಸಾರಾಂಶ ಬರೆದಿಡುತ್ತದೆ. ನಿದ್ದೆಗಣ್ಣಲ್ಲಿ ಎದ್ದವರಿಗೆ ಇದು ನಿಜವಾದ ಉಪಕಾರ. ಆದರೆ ಏಜೆಂಟ್‌ನ ಒಳಗಿರುವ ಭಾಷಾ ಮಾದರಿ ತಾನಾಗಿ ಯಾವ ಸರ್ವರನ್ನೂ ಮುಟ್ಟಲಾರದು. ಲಾಗ್ (ಪ್ರೋಗ್ರಾಂ ಓಡುತ್ತಾ ಬರೆದಿಡುವ ದಾಖಲೆ) ತರುವುದಕ್ಕೆ ಒಂದು, ಮೆಮೊರಿ ಬಳಕೆ ನೋಡುವುದಕ್ಕೆ ಒಂದು, ಪಾಡ್ ರೀಸ್ಟಾರ್ಟ್ ಮಾಡುವುದಕ್ಕೆ ಇನ್ನೊಂದು ಹೀಗೆ ಟೂಲ್‌ಗಳನ್ನು ನಾವೇ ಕೊಡಬೇಕು. ಟೂಲ್ ಒಳಗಿನ ಕೋಡ್ ಏಜೆಂಟ್ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಟೂಲ್‌ನ ಹೆಸರು, ಅದಕ್ಕೆ ಕೊಡಬೇಕಾದ ಮಾಹಿತಿಯ ಪಟ್ಟಿ, ಜೊತೆಗೆ ನಾವು ಬರೆದ ನಾಲ್ಕಾರು ಸಾಲಿನ ವಿವರಣೆ. ಆಂತ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಂಸಿಪಿ ಎಂಬ ಮಾನದಂಡ ಇವನ್ನೆಲ್ಲ ಏಜೆಂಟ್‌ಗೆ ಒಪ್ಪಿಸುವುದಕ್ಕೆ ಒಂದು ಸಮಾನ ಕ್ರಮ ಹಾಕಿಕೊಟ್ಟಿದೆ. ಆದರೆ ವಿವರಣೆಯಲ್ಲಿ ಏನು ಬರೆಯಬೇಕೆಂದು ಯೋಚಿಸಬೇಕಾದವರು ನಾವೇ.

ನಮ್ಮ ಲಾಗ್ ಟೂಲ್‌ನ ವಿವರಣೆ ಬಹಳ ಕಾಲ ಒಂದೇ ಸಾಲಿನದಾಗಿತ್ತು: ‘ಪಾಡ್‌ನ ಲಾಗ್ ತರುತ್ತದೆ.’ ಸುಳ್ಳೇನಲ್ಲ, ಆದರೆ ಅಷ್ಟು ಸಾಲದು. ಒಂದು ಪ್ರೋಗ್ರಾಂ ತನಗೆ ಕೊಟ್ಟ ಮೆಮೊರಿ ಮೀರಿತು ಎಂದುಕೊಳ್ಳಿ. ಲಿನಕ್ಸ್ ಅದನ್ನು ಕೊಲ್ಲುತ್ತದೆ, 137 ಎಂಬ ಕೋಡ್ ಉಳಿಯುತ್ತದೆ, ಕುಬರ್ನೆಟಿಸ್ ಹೊಸ ಕಂಟೇನರ್ ಎಬ್ಬಿಸುತ್ತದೆ. ಏಜೆಂಟ್ ಬಂದು ಲಾಗ್ ಕೇಳಿದರೆ ಸಿಗುವುದು ಈ ಹೊಸ ಕಂಟೇನರ್‌ನದು. ಅದರಲ್ಲಿ ‘ಸೇವೆ ಶುರುವಾಯಿತು’ ಎಂಬಂಥ ಒಂದೆರಡು ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ. ‘ಲಾಗ್‌ನಲ್ಲಿ ತೊಂದರೆ ಕಾಣುತ್ತಿಲ್ಲ’ ಎಂದು ಏಜೆಂಟ್ ವರದಿ ಕೊಡುತ್ತದೆ. ಬೀಳುವ ಮುಂಚೆ ಪ್ರೋಗ್ರಾಂ ಏನು ಮಾಡುತ್ತಿತ್ತು ಎಂಬುದು ಹಿಂದಿನ ಕಂಟೇನರ್‌ನ ಲಾಗ್‌ನಲ್ಲಿ ಕೂತಿರುತ್ತದೆ. ಅದನ್ನು ಬೇರೆಯಾಗಿ ಕೇಳಬೇಕೆಂದು ಏಜೆಂಟ್‌ಗೆ ನಾವು ಹೇಳಿಯೇ ಇರಲಿಲ್ಲ.

ಈಗಿನ ವಿವರಣೆ ಇಂಗ್ಲಿಷಿನಲ್ಲಿದೆ, ಸಾರ ಇಷ್ಟು: ‘ಪಾಡ್‌ನಲ್ಲಿ ಈಗ ಓಡುತ್ತಿರುವ ಕಂಟೇನರ್‌ನ ಲಾಗ್‌ನ ಕೊನೆಯ 200 ಸಾಲು ತರುತ್ತದೆ. ಪಾಡ್ ರೀಸ್ಟಾರ್ಟ್ ಆಗಿದ್ದರೆ ಬೀಳುವ ಮುಂಚಿನ ಲಾಗ್ ಇದರಲ್ಲಿ ಇರುವುದಿಲ್ಲ. ಅದಕ್ಕೆ ಪ್ರೀವಿಯಸ್ ಎಂಬಲ್ಲಿ ಟ್ರೂ ಎಂದು ಕೊಡಿ. ಆಗಲೂ ಸಿಗುವುದು ಕೊನೆಯ ಸಲ ಬಿದ್ದ ಕಂಟೇನರ್‌ನದು ಮಾತ್ರ. ಇನ್ನೂ ಹಿಂದಿನದಕ್ಕೆ ಲಾಗ್ ಹುಡುಕುವ ಟೂಲ್ ಬಳಸಿ. ಸಮಯವೆಲ್ಲ ಯುಟಿಸಿಯಲ್ಲಿದೆ.’

ಕೊನೆಯ ಆ ಪುಟ್ಟ ವಾಕ್ಯ ತುಂಬಾ ಮುಖ್ಯ. ನಮ್ಮ ರಾತ್ರಿ 2 ಗಂಟೆ 10 ನಿಮಿಷ ಎಂದರೆ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ ಹಿಂದಿನ ದಿನದ 20 ಗಂಟೆ 40 ನಿಮಿಷ. ‘ರಾತ್ರಿ ಎರಡರ ಹೊತ್ತಿಗೆ ಏನಾಯ್ತು ನೋಡು’ ಎಂದು ನಾವು ಕೇಳಿದರೆ, ಈ ಐದೂವರೆ ಗಂಟೆಯ ಅಂತರ ತಿಳಿಯದ ಏಜೆಂಟ್ ನಮ್ಮ ಬೆಳಗಿನ ಏಳೂವರೆಯ ಲಾಗ್ ಓದುತ್ತಾ ಕೂರುತ್ತದೆ.

ಇನ್ನೊಂದು ಟೂಲ್ ‘ಈವೆಂಟ್’ಗಳನ್ನು ತರುತ್ತದೆ. ಪಾಡ್ ಯಾವ ಯಂತ್ರಕ್ಕೆ ಹೋಯಿತು, ಯಾಕೆ ಏಳಲಿಲ್ಲ ಎಂಬಂಥ ಟಿಪ್ಪಣಿಗಳು ಅವು. ಮೂಲ ಸೆಟ್ಟಿಂಗ್‌ನಲ್ಲಿ ಕುಬರ್ನೆಟಿಸ್ ಅವನ್ನು ಒಂದೇ ಗಂಟೆ ಉಳಿಸಿಕೊಳ್ಳುತ್ತದೆ. ರಾತ್ರಿ ಆದದ್ದನ್ನು ಬೆಳಿಗ್ಗೆ ಕೇಳಿದರೆ ಪಟ್ಟಿ ಖಾಲಿ. ಅನುಭವಸ್ಥರಿಗೆ ಈ ಖಾಲಿಯ ಅರ್ಥ ಗೊತ್ತು. ಏಜೆಂಟ್ ಮಾತ್ರ ‘ಏನೂ ಆಗಿಲ್ಲ’ ಎಂದುಕೊಳ್ಳುತ್ತದೆ. ‘ಒಂದು ಗಂಟೆಗಿಂತ ಹಳೆಯದು ಇಲ್ಲಿ ಸಿಗದು, ಪಟ್ಟಿ ಖಾಲಿ ಇದ್ದರೆ ಏನೂ ನಡೆದಿಲ್ಲವೆಂದು ತಿಳಿಯಬೇಡಿ’ ಎಂದು ಸೇರಿಸಲು ಹೊರಟಾಗ ನಮ್ಮ ತಂಡದ ಹಿರಿಯರೊಬ್ಬರು, ‘ಇದು ಎಲ್ರಿಗೂ ಗೊತ್ತಿರೋದೇ ಅಲ್ವೇನಮ್ಮ, ಇದನ್ನೂ ಬರೀಬೇಕಾ?’ ಎಂದರು. ಬರೆಯಬೇಕು ಸರ್, ಎಲ್ಲರಿಗೂ ಗೊತ್ತಿರುವುದನ್ನೇ ಬರೆಯಬೇಕು ಎಂದೆ. ಟೂಲ್ ಏನು ತೋರಿಸುತ್ತದೆ ಎಂಬುದನ್ನು ಯಾರಾದರೂ ಬರೆದಾರು. ಏನನ್ನು ತೋರಿಸುವುದಿಲ್ಲ ಎಂಬುದು ವರ್ಷಗಟ್ಟಲೆ ರಾತ್ರಿ ಎದ್ದವರ ತಲೆಯಲ್ಲಷ್ಟೇ ಇದೆ. ಅವರು ಕೆಲಸ ಬಿಟ್ಟು ಹೋದರೆ ಅದೂ ಹೋಯಿತು.

ಬದಲಾವಣೆ ಮಾಡುವ ಟೂಲ್‌ಗಳಲ್ಲಿ ಇನ್ನೂ ಎಚ್ಚರ ಬೇಕು. ಡಿಪ್ಲಾಯ್‌ಮೆಂಟ್ ಎಂಬ, ಪಾಡ್‌ಗಳ ಸಂಖ್ಯೆ ಕಡಿಮೆಯಾಗದಂತೆ ಕಾಯುವ ಏರ್ಪಾಡಿನ ಅಡಿಯಲ್ಲಿರುವ ಪಾಡ್ ಅಳಿಸಿದರೆ ಅದರ ಜಾಗಕ್ಕೆ ಹೊಸದು ಬರುತ್ತದೆ. ಹಾಗಾಗಿ ಅಳಿಸುವುದನ್ನೇ ನಾವು ರೀಸ್ಟಾರ್ಟ್ ಎಂದು ಬಳಸುತ್ತೇವೆ. ಒಂಟಿಯಾಗಿ ಎಬ್ಬಿಸಿದ ಪಾಡ್ ಅಳಿಸಿದರೆ ಹೋಗಿಯೇ ಹೋಯಿತು. ಈ ವ್ಯತ್ಯಾಸ ವಿವರಣೆಯಲ್ಲಿ ಇರಲೇಬೇಕು. ಆದರೆ ವಿವರಣೆಯಷ್ಟೇ ಸಾಲದು, ಮಿತಿ ಟೂಲ್ ಒಳಗೇ ಇರಬೇಕು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಸುಮಾರು ನಾಲ್ಕು ಗಂಟೆ ನಿಂತುಹೋಯಿತು. ಕೆಲವೇ ಸರ್ವರ್‌ಗಳನ್ನು ತೆಗೆಯಬೇಕಿದ್ದ ಆದೇಶದಲ್ಲಿ ತಪ್ಪು ಮಾಹಿತಿ ಸೇರಿ ಬಹಳಷ್ಟು ಸರ್ವರ್‌ಗಳು ಹೋಗಿದ್ದವು. ಆ ಆದೇಶ ಕೊಟ್ಟದ್ದು ಅನುಮತಿ ಇದ್ದ ಮನುಷ್ಯರೇ. ಆಮೇಲೆ ಅಮೆಜಾನ್ ಆ ಟೂಲನ್ನೇ ತಿದ್ದಿತು: ನಿಧಾನವಾಗಿ ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಸದಂತೆ. ನಮ್ಮಲ್ಲೂ ‘ಒಮ್ಮೆಗೆ ಒಂದೇ ಪಾಡ್’ ಎಂಬ ಮಿತಿ ಕೋಡ್‌ನಲ್ಲೇ ಇದೆ. ವಿವರಣೆಯಲ್ಲೂ ಅದನ್ನು ಹೇಳಿದ್ದೇವೆ. ಇಲ್ಲದಿದ್ದರೆ ಏಜೆಂಟ್ ಐದು ಪಾಡ್ ಕೇಳಿ, ಬೇಡ ಎನ್ನಿಸಿಕೊಂಡು, ಮತ್ತೆ ಅದನ್ನೇ ಕೇಳುತ್ತಾ ಹೊತ್ತು ಕಳೆಯುತ್ತದೆ.

ಹೊಸ ವಿವರಣೆ ಬರೆದಾಗ ಹಳೆಯ ಅವಘಡಗಳ ಅಲರ್ಟ್‌ಗಳನ್ನು ಪರೀಕ್ಷಾ ಕ್ಲಸ್ಟರ್‌ನಲ್ಲಿ ಮತ್ತೆ ಹುಟ್ಟಿಸಿ, ಏಜೆಂಟ್ ಯಾವ ಟೂಲನ್ನು ಯಾವ ಕ್ರಮದಲ್ಲಿ ಹಿಡಿಯಿತು ಎಂದು ಸಾಲುಸಾಲಾಗಿ ಓದುತ್ತೇವೆ. ದಾರಿ ತಪ್ಪಿದ ಕಡೆ ನೋಡಿದರೆ ಬಹುಪಾಲು ನಮ್ಮದೇ ಯಾವುದೋ ವಾಕ್ಯ ಅರೆಬರೆಯಾಗಿರುತ್ತದೆ. ವಿವರಣೆಗಳೂ ಈಗ ಕೋಡ್ ಜೊತೆಗೇ ಇವೆ, ಕೋಡ್‌ನಂತೆಯೇ ರಿವ್ಯೂ ಆಗುತ್ತವೆ. ಈವೆಂಟ್ ಉಳಿಸುವ ಅವಧಿಯನ್ನು ಒಂದು ಗಂಟೆಯಿಂದ ಮೂರಕ್ಕೆ ಏರಿಸುವ ಬದಲಾವಣೆ ನನ್ನ ಮುಂದೆ ಬಂದರೆ, ವಿವರಣೆಯ ಆ ಸಾಲೂ ಅದರೊಟ್ಟಿಗೆ ತಿದ್ದಿ ಬರುವವರೆಗೆ ನಾನು ಒಪ್ಪಿಗೆ ಕೊಡುವುದಿಲ್ಲ.