ಅಲುಗದ ಕಣ್ಣಿಗೆ ಮುಖ ದಕ್ಕದು

ಗಲ್ಲವನ್ನು ಆನಿಕೆಯ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ ಕೂತರೆ ಥೇಟ್ ಕಣ್ಣಿನ ಡಾಕ್ಟರ ಮುಂದೆ ಕೂತ ಹಾಗೆಯೇ. ಕಾಫಿಗೆಂದು ಹೋದ ನನ್ನನ್ನು ಪರಿಚಯದ ಸಂಶೋಧಕಿಯೊಬ್ಬರು ತಮ್ಮ ಪ್ರಯೋಗಾಲಯದಲ್ಲಿ ಹಿಡಿದು ಕೂರಿಸಿದ್ದರು. “ಸರ್, ಕನ್ನಡಕ ಸ್ವಲ್ಪ ಮೇಲಕ್ಕೆ, ಹೊಳೀತಿದೆ.” ಪರದೆಯಲ್ಲಿ ಮೊದಲು ಒಂಬತ್ತು ಚುಕ್ಕಿ, ಆಮೇಲೆ ಮುಖಗಳು. ಕೆಲವು ಮುಖಗಳ ಮೇಲೆ ಕಣ್ಣು ಬೇಕಾದಲ್ಲಿ ಓಡಾಡಬಹುದು. ಇನ್ನು ಕೆಲವಕ್ಕೆ ಮೂಗಿನ ಮೇಲಿನ ಗುರುತು ಬಿಟ್ಟು ಕದಲುವಂತಿಲ್ಲ.

ಮುಗಿದ ಮೇಲೆ ನನ್ನ ನೋಟದ ನಕ್ಷೆ ತೋರಿಸಿದರು. ಹಳದಿ ಚುಕ್ಕಿ, ನಡುವೆ ಗೆರೆ: ಕಣ್ಣು, ಕಣ್ಣು, ಮೂಗು, ಬಾಯಿ, ಮತ್ತೆ ಕಣ್ಣು. ಒಬ್ಬಾಕೆಯ ಜುಮುಕಿಯ ಹತ್ತಿರ ಒಂದು ಚುಕ್ಕಿಯೂ ಇಲ್ಲ. ನೋಡಿದ್ದೇನೆಂದು ನಾನು ಆಣೆ ಮಾಡಲೂ ಸಿದ್ಧನಿದ್ದೆ! ಕಾಫಿ ಮುಗಿಸಿ ಬಂದು ಹಳೆಯ, ಹೊಸ ಮುಖ ಬೆರೆಸಿ ಕೇಳಿದಾಗ, ಕಣ್ಣು ಕಟ್ಟಿಹಾಕಿಕೊಂಡು ನೋಡಿದ ಮುಖಗಳ ವಿಷಯದಲ್ಲಿ ನಾನು ಹೇಳಿದ್ದೆಲ್ಲ ಬರೀ ಊಹೆ.

ಕಣ್ಣಿನ ಓಡಾಟ ದಾಖಲಿಸಲು ಈಗ ಕ್ಯಾಮೆರಾ ಇದೆ, ಸುಖ. 19ನೇ ಶತಮಾನದ ಕೊನೆಗೆ ಅಮೆರಿಕದ ಎಡ್ಮಂಡ್ ಹ್ಯೂಯಿ ಬಳಸಿದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್. ಹೌದು, ಗಣಪತಿಗೆ ಬಳಸಬೇಡಿ ಎಂದು ನಮಗೆ ಪ್ರತಿವರ್ಷ ಹೇಳುವರಲ್ಲ, ಅದೇ. ಕಣ್ಣನ್ನು ಮದ್ದು ಹಾಕಿ ಮರಗಟ್ಟಿಸಿ, ಪಾಪೆಯ ಮೇಲೆ ತೂತಿರುವ ಪುಟ್ಟ ಬಟ್ಟಲು ಕೂರಿಸುವುದು. ಅದಕ್ಕೆ ಅಂಟಿದ ಅಲ್ಯೂಮಿನಿಯಂ ಕಡ್ಡಿ ಮಸಿ ಹಿಡಿಸಿದ ಕಾಗದದ ಉರುಳೆಯ ಮೇಲೆ ಗೀರುತ್ತ ಹೋಗುವುದು. ಆಮೇಲೆ ಬಂದ ಮಾಸ್ಕೋದ ಸಂಶೋಧಕ ಯಾರ್ಬಸ್ ರೆಪ್ಪೆಗಳನ್ನು ಪಟ್ಟಿಯಿಂದ ಎಳೆದು ಹಿಡಿದು, ಗುಡ್ಡೆಗೇ ಕನ್ನಡಿ ಅಂಟಿಸುತ್ತಿದ್ದರು. ಅಲ್ಲಿ ಕೂರಲು ಒಪ್ಪಿದವರನ್ನು ನೆನೆದರೆ ನನಗೆ ಇವತ್ತಿಗೂ ಕಣ್ಣು ಉರಿಯುತ್ತದೆ.

ನೆನಪಿನ ಪ್ರಶ್ನೆಗೆ ಬರೋಣ. ಚಿತ್ರ ನೆನಪುಳಿಯುವುದಕ್ಕೆ ನೋಡಿದ ಹೊತ್ತಿಗಿಂತ ನೋಟ ಎಷ್ಟು ಕಡೆ ತಂಗಿತು ಎಂಬುದೇ ಮುಖ್ಯ ಎಂದು 1972ರಲ್ಲಿ ಜೆಫ್ರಿ ಲಾಫ್ಟಸ್ ತೋರಿಸಿದರು. ಆದರೆ ಮನಸ್ಸಿಟ್ಟು ನೋಡಿದವರ ಕಣ್ಣು ಹೆಚ್ಚು ಓಡಾಡಿರಲೂಬಹುದಲ್ಲ? 2005ರಲ್ಲಿ ಜಾನ್ ಹೆಂಡರ್ಸನ್ ಮತ್ತು ಸಂಗಡಿಗರು ಕೆಲವರ ಕಣ್ಣನ್ನು ಮುಖದ ನಡುವಿಗೇ ಕಟ್ಟಿಹಾಕಿ ಪರೀಕ್ಷಿಸಿದರು. ಗುರುತಿಸುವ ಸಾಮರ್ಥ್ಯ ಕುಸಿಯಿತು. ನನಗಂತೂ ಅರೆಮನಸ್ಸಿನ ಒಪ್ಪಿಗೆ. ಕಣ್ಣನ್ನು ಅಲುಗದೆ ಹಿಡಿಯುವುದೇ ಒಂದು ದುಡಿಮೆ. ಮುಖ ಕಲಿಯಲು ಪುರುಸೊತ್ತೆಲ್ಲಿ? ಸಾಲದ್ದಕ್ಕೆ, ನಮಗೆ ನಿಚ್ಚಳವಾಗಿ ಕಾಣುವುದು ಕೈಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಜಾಗ ಮಾತ್ರ.

ಆ ಪ್ರಯೋಗದಲ್ಲಿ ನನಗೆ ಇಷ್ಟವಾದದ್ದು ಬೇರೆಯೇ. ಕಲಿಯುವಾಗ ತುಳಿದ ಹಾದಿಯನ್ನೇ ಗುರುತಿಸುವಾಗಲೂ ಕಣ್ಣು ತುಳಿಯುತ್ತದೆ ಎಂಬುದು 1971ರಲ್ಲಿ ನೋಟನ್ ಮತ್ತು ಸ್ಟಾರ್ಕ್ ಮಂಡಿಸಿದ್ದ ವಾದ. ಆದರೆ ಹೆಂಡರ್ಸನ್ ಕಟ್ಟಿಹಾಕಿದ್ದವರ ಕಣ್ಣು, ಬಿಟ್ಟೊಡನೆ, ಉಳಿದವರ ಕಣ್ಣಿನಂತೆಯೇ ಅಲೆಯಿತು. ತುಳಿಯದ ಹಾದಿಯನ್ನು ಮತ್ತೆ ತುಳಿಯುವುದು ಹೇಗೆ?

ನನ್ನ ಎರಡನೆಯ ನಕ್ಷೆಯನ್ನೂ ಕೇಳಿ ನೋಡಿದೆ. ಕಣ್ಣು, ಕಣ್ಣು, ಮೂಗು, ಬಾಯಿ. ಜುಮುಕಿಯತ್ತ ಆಗಲೂ ಹೋಗಿರಲಿಲ್ಲ.